ಮರಳು ಹೊತ್ತ ತೋಳು

ಕ್ಯಾಮರೂನಿನ ಬಾಟಿಯೆ. ಮರಳು ಗಣಿಯಲ್ಲಿ ಸಲಿಕೆ ಹಿಡಿದು ಬೆಳೆದ ಹುಡುಗ ಫ್ರಾನ್ಸಿಸ್ ಎನ್‌ಗಾನು. ಮರಳು ಹೊರೋ ಮಕ್ಕಳು ನಮ್ಮ ಕೇರೀಲೂ ಅವ್ರೆ; ಅದಕ್ಕೇ ಇವನ ಕತೆ ನಮಗೆ ದೂರದ್ದಲ್ಲ. ಮರುಭೂಮಿ ದಾಟಿ, ಸ್ಪೇನಿನಲ್ಲಿ ಜೈಲು ಕಂಡು, 2013ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಮಲಗಿದ. ಬಾಕ್ಸಿಂಗ್ ಕಲೀಬೇಕು ಅಂತ ಹೋದವನು ಗುದ್ದು, ಒದೆ, ಪಟ್ಟು ಎಲ್ಲಾ ನಡೆಯುವ ಎಂಎಂಎ ಕಣಕ್ಕೆ ಬಿದ್ದ.

2021ರಲ್ಲಿ ಯುಎಫ್‌ಸಿಯ ಹೆವಿವೇಟ್ ಪಟ್ಟ ಗೆದ್ದ. ಆದರೆ ಅಲ್ಲಿ ಕಾದಾಡುವವನು ನೌಕರನಲ್ಲ, ಗುತ್ತಿಗೆ ಆಳು. ಇವನು ಕೇಳಿದ್ದೇನು? ಏಟು ತಿನ್ನೋ ಮೈಗೆ ಆರೋಗ್ಯ ವಿಮೆ, ಕಾದಾಡುವವರ ಪರ ಮಾತಾಡಲು ಒಬ್ಬ ಪ್ರತಿನಿಧಿ. ತನಗಷ್ಟೇ ಅಲ್ಲ, ಎಲ್ಲರಿಗೂ. ಕೊಡಲಿಲ್ಲ. 2023ರ ಜನವರಿಯಲ್ಲಿ ಹೊರಬಂದ, ಪಟ್ಟವೂ ಹೋಯ್ತು. ಸೊಕ್ಕು ಅಂದರು ಕೆಲವರು. ಕೂಲಿ ಜಾಸ್ತಿ ಕೇಳಿದ ನಮ್ಮಪ್ಪಂದಿರಿಗೂ ಒಡೆಯರು ಅಂದದ್ದು ಅದೇ ಮಾತು.

ಅದೇ ಅಕ್ಟೋಬರ್, ರಿಯಾದ್. ಬಾಕ್ಸಿಂಗಿನ ಟೈಸನ್ ಫ್ಯೂರಿಯನ್ನು ಮೂರನೇ ಸುತ್ತಲ್ಲಿ ನೆಲಕ್ಕೆ ಕೆಡವಿದ. ತೀರ್ಪು ಮಾತ್ರ ಫ್ಯೂರಿ ಕಡೆ ಹೋಯ್ತು.