ಮಾತನ್ನು ತರುವ ಅತಿಥಿಗಳು

ದೇವನಹಳ್ಳಿಯೆಂದರೆ ಹಿಂದಿನವರಿಗೆ ನೆನಪಾಗುತ್ತಿದ್ದುದು ಟಿಪ್ಪು ಸುಲ್ತಾನನು ಹುಟ್ಟಿದ ಊರು, ಹಳೆಯ ಕೋಟೆ, ಮತ್ತು ಬಾಯಲ್ಲಿ ನೀರೂರಿಸುವ ಚಕ್ಕೋತದ ಹಣ್ಣು. 2008ರಲ್ಲಿ ವಿಮಾನ ನಿಲ್ದಾಣ ಬಂದಿತು. ಅನಂತರ ಇದೇ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಗಳ ಸುಮಾರು 300 ಎಕರೆ ನೆಲದಲ್ಲಿ ತೈವಾನಿನ ಫಾಕ್ಸ್‌ಕಾನ್ ಸಂಸ್ಥೆಯ ಕಾರ್ಖಾನೆ ಎದ್ದು ನಿಂತಿತು. 2025ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ಐಫೋನ್ ತಯಾರಿಕೆ ಆರಂಭವಾಯಿತು. ಅದಕ್ಕೆ ತುಸು ಮುಂಚೆ, ದಕ್ಷಿಣ ಭಾರತದ ತನ್ನ ಕಾರ್ಖಾನೆಗಳಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಚೀನೀ ಎಂಜಿನಿಯರುಗಳನ್ನೂ ಕುಶಲಿಗಳನ್ನೂ ಸಂಸ್ಥೆಯು ಹಿಂದಕ್ಕೆ ಕಳುಹಿಸಿತೆಂದು ಪತ್ರಿಕೆಗಳಲ್ಲಿ ಓದಿದೆವು. ತೈವಾನಿನವರು ಉಳಿದರು.

ಈ ಸುದ್ದಿಯನ್ನು ಎಲ್ಲರೂ ವ್ಯಾಪಾರದ ಸುದ್ದಿಯಾಗಿ ಓದಿದರು. ನನಗೆ ಮಾತ್ರ ಅದರಲ್ಲಿ ಭಾಷೆಯ ಸುದ್ದಿಯೊಂದು ಕಂಡಿತು. ಅದಕ್ಕೆ ಕಾರಣ ದೊಡ್ಡಬಳ್ಳಾಪುರದ ನಮ್ಮ ನೆರೆಮನೆಯ ಹುಡುಗಿ. ತಂದೆ ನಾಲ್ಕು ಮಗ್ಗ ಇಟ್ಟುಕೊಂಡಿರುವ ನೇಕಾರರು. ಈಕೆ ಡಿಪ್ಲೊಮಾ ಓದುತ್ತಿದ್ದಾಳೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷು. ಸಾಲದೆಂದು ಕೈಯ ಫೋನಿನಲ್ಲೇ ಚೀನೀ ಭಾಷೆಯ ಅಭ್ಯಾಸವನ್ನು ಆರಂಭಿಸಿದ್ದಾಳೆ. ಒಂದು ಸಂಜೆ ಜಗಲಿಯಲ್ಲಿ ಕುಳಿತು, "ಮಾ, ಮಾ" ಎಂದು ಹತ್ತಾರು ಬಾರಿ ಹೇಳಿಕೊಂಡು, ಕೊನೆಗೆ ನನ್ನತ್ತ ತಿರುಗಿ ಕೇಳಿದಳು:

"ತಾತ, ನಾನು ಹೇಳಿದ್ದು ತಾಯಿ ಅಂತ ಆಯಿತೋ, ಕುದುರೆ ಅಂತ ಆಯಿತೋ? ಹೇಳೋರು ಯಾರು?"

ಪ್ರಶ್ನೆ ಚಿಕ್ಕದಾದರೂ ಅದರ ಹಿಂದೆ ದೊಡ್ಡ ವಿಷಯವಿದೆ. ಚೀನೀ ಭಾಷೆಯ ಮ್ಯಾಂಡರಿನ್ ರೂಪದಲ್ಲಿ ಒಂದೇ ಅಕ್ಷರವನ್ನು ನಾಲ್ಕು ಸ್ವರದಲ್ಲಿ ನುಡಿದರೆ ನಾಲ್ಕು ಅರ್ಥ. ಎತ್ತರದ ಸಮಸ್ವರದಲ್ಲಿ "ಮಾ" ಎಂದರೆ ತಾಯಿ. ಏರುದನಿಯಲ್ಲಿ ಸೆಣಬಿನ ಜಾತಿಯ ನಾರಿನ ಗಿಡ. ಕೆಳಗಿಳಿದು ಮೇಲೇಳುವ ದನಿಯಲ್ಲಿ ಕುದುರೆ. ಥಟ್ಟನೆ ಇಳಿಯುವ ದನಿಯಲ್ಲಿ ಬೈಯುವುದು. ನಾವೂ "ಹೌದಾ?" ಎಂಬಲ್ಲಿ ದನಿ ಏರಿಸುತ್ತೇವೆ, "ಹೌದು" ಎಂಬಲ್ಲಿ ಇಳಿಸುತ್ತೇವೆ. ಆದರೆ ನಮ್ಮಲ್ಲಿ ದನಿ ಬದಲಾದರೆ ಭಾವ ಬದಲಾದೀತೇ ಹೊರತು ತಾಯಿ ಹೋಗಿ ಕುದುರೆಯಾಗುವುದಿಲ್ಲ. ಫೋನು ಸರಿ ತಪ್ಪುಗಳ ಗುರುತು ಹಾಕೀತು. ಆದರೆ ತಪ್ಪನ್ನು ಕೇಳಿ ಮುಖ ಅರಳಿಸಿ ನಕ್ಕು, ತಾನೇ ಮತ್ತೆ ನುಡಿದು ತೋರಿಸಿ, ನಾವು ಸರಿಯಾಗಿ ನುಡಿದೊಡನೆ ತಲೆದೂಗುವ ಸುಖ ಅದರಲ್ಲಿ ಎಲ್ಲಿಂದ ಬರಬೇಕು? ಅದಕ್ಕೆ ಆ ಭಾಷೆಯಲ್ಲೇ ಹುಟ್ಟಿ ಬೆಳೆದ ಮನುಷ್ಯರು ಬೇಕು.

ಇಂಥವರನ್ನು ಶಾಲೆಗಳಿಗೆ ಅತಿಥಿಗಳಾಗಿ ಕರೆಸಿಕೊಳ್ಳುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಫ್ರಾನ್ಸ್ ಮತ್ತು ಬ್ರಿಟನ್ನಿನ ಶಾಲೆಗಳು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಪರಸ್ಪರ ತರುಣ ಸಹಾಯಕರನ್ನು ಕಳುಹಿಸಿಕೊಳ್ಳುತ್ತಿವೆ. ಜಪಾನ್ ದೇಶವು 1987ರಲ್ಲಿ ನಾಲ್ಕು ದೇಶಗಳಿಂದ 848 ಮಂದಿಯನ್ನು ಕರೆಸಿ ಇಂತಹುದೇ ಯೋಜನೆಯೊಂದನ್ನು ಆರಂಭಿಸಿತು. ಬಂದವರು ಬಹುಮಟ್ಟಿಗೆ ಆಗತಾನೆ ಪದವಿ ಪಡೆದ ಯುವಕ ಯುವತಿಯರು. ಅವರು ಗುರುಗಳಲ್ಲ, ಗುರುಗಳಿಗೆ ಸಹಾಯಕರು. ವ್ಯಾಕರಣವನ್ನು ತಿಳಿಸುವವರು ಊರಿನ ಉಪಾಧ್ಯಾಯರು. ಮಾತಿನ ಜೀವವನ್ನು ತೋರಿಸುವವರು ಅತಿಥಿಗಳು. ಈ ಜೋಡಿ ಕೂಡಿಬರದ ಕಡೆ ಏನಾಯಿತೆಂಬುದೂ ಜಪಾನಿನಿಂದಲೇ ತಿಳಿಯುತ್ತದೆ. ಪಾಠದ ಒಂದು ಸಾಲನ್ನು ಓದಿಸಿ ಮೂಲೆಯಲ್ಲಿ ನಿಲ್ಲಿಸುತ್ತಾರೆ, ತಾವು ಮನುಷ್ಯರೂಪದ ಟೇಪ್ ರೆಕಾರ್ಡರುಗಳಾಗಿದ್ದೇವೆ ಎಂದು ಅಲ್ಲಿಯ ಸಹಾಯಕರಲ್ಲಿ ಹಲವರು ದೂರಿದ್ದುಂಟು.

ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರೊಡನೆ ಈ ವಿಷಯವನ್ನು ಮಾತಾಡಿದೆ. ಅವರು ಕನ್ನಡಕವನ್ನು ತೆಗೆದು ಒರೆಸುತ್ತ ಹೇಳಿದರು: "ಸ್ವಾಮಿ, ನಮ್ಮ ಮಕ್ಕಳಿಗೆ ಕನ್ನಡದ ಅಲ್ಪಪ್ರಾಣ ಮಹಾಪ್ರಾಣವೇ ನೆಟ್ಟಗಿಲ್ಲ. ಇದರ ಮೇಲೆ ಚೀನೀ ಬೇರೆಯೆ?"

ಮೇಷ್ಟರ ಮಾತಿನಲ್ಲಿ ನ್ಯಾಯವಿದೆ. ಆದರೆ ಅವರ ಆಕ್ಷೇಪಣೆಯೊಳಗೇ ಅದರ ಉತ್ತರವೂ ಇದೆ. ಚೀನೀ ನುಡಿಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಎಂಬ ಪದ್ಧತಿ 1958ರಲ್ಲಿ ಜಾರಿಗೆ ಬಂದಿತು. ಅದರಲ್ಲಿ "ಬಿ" ಎಂದು ಬರೆದ ಅಕ್ಷರದ ಉಚ್ಚಾರ ನಮ್ಮ "ಪ"ಕಾರಕ್ಕೆ ಹತ್ತಿರ. "ಪಿ" ಎಂದು ಬರೆದುದು ಮಹಾಪ್ರಾಣದ "ಫ"ಕಾರ. ಹಾಗೆಯೇ "ಡಿ", "ಟಿ"ಗಳು ಹೆಚ್ಚುಕಡಿಮೆ ನಮ್ಮ "ತ", "ಥ". "ಜಿ", "ಕೆ"ಗಳು "ಕ", "ಖ". ಇಂಗ್ಲಿಷಿನ ಕಣ್ಣಿನಿಂದ ನೋಡಿದ ವಿದ್ಯಾರ್ಥಿ ಇಲ್ಲಿ ತಡವರಿಸುತ್ತಾನೆ. ನಮ್ಮ ವರ್ಣಮಾಲೆಯನ್ನು ಸರಿಯಾಗಿ ಕಲಿತ ಮಗುವಿಗೆ ಈ ಭೇದ ಮೊದಲೇ ಗೊತ್ತು. ಕನ್ನಡವನ್ನು ಚೆನ್ನಾಗಿ ಕಲಿಸದ ಶಾಲೆಗೆ ಪರಭಾಷೆಯ ಅತಿಥಿಯಿಂದ ಪ್ರಯೋಜನವಿಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ. ಅಂಥ ಅತಿಥಿಯೇ ಬೇಡವೆಂಬುದು ಸಿದ್ಧವಾಗುವುದಿಲ್ಲ.

ಮೇಷ್ಟರ ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. "ಗಡಿಯಲ್ಲಿ ನಮ್ಮ ಯೋಧರು ಪ್ರಾಣ ಕೊಟ್ಟಿದ್ದಾರೆ. ಆ ದೇಶದವರನ್ನು ಮಕ್ಕಳ ನಡುವೆ ಕೂರಿಸುವುದೆ?"

ಸರಕಾರದ ಮನಸ್ಸೂ ಹೀಗೆಯೇ ತೂಗಾಡಿದೆ. 2012ರಲ್ಲಿ ಸಿ.ಬಿ.ಎಸ್.ಇ. ಮಂಡಳಿಯು ಶಾಲೆಗಳಲ್ಲಿ ಚೀನೀ ಕಲಿಸುವುದಕ್ಕಾಗಿ ಚೀನಾದ ಹಾನ್‌ಬಾನ್ ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಂಡಿತು. 2019ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿ ವಿದೇಶೀ ಭಾಷೆಗಳ ಉದಾಹರಣೆಗಳ ನಡುವೆ ಚೀನೀ ಇತ್ತು. 2020ರ ಜೂನ್ ತಿಂಗಳಲ್ಲಿ ಗಾಲ್ವಾನ್ ಕಣಿವೆಯ ಘರ್ಷಣೆ ನಡೆಯಿತು. ಮುಂದಿನ ತಿಂಗಳು ಅಂತಿಮ ನೀತಿ ಹೊರಬಂದಾಗ ಕೊರಿಯನ್, ಜಪಾನೀ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಇದ್ದುವು, ಚೀನೀ ಇರಲಿಲ್ಲ. ಐದು ವರ್ಷ ನಿಂತಿದ್ದ ನೇರ ವಿಮಾನ ಸಂಚಾರ 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಯಿತು. ವಿಮಾನವನ್ನು ನಿಲ್ಲಿಸಿ ಮತ್ತೆ ಹಾರಿಸಬಹುದು. ಭಾಷೆ ಬಲ್ಲ ಒಂದು ಪೀಳಿಗೆಯನ್ನು ಹೀಗೆ ನಿಲ್ಲಿಸಿ ಮತ್ತೆ ಹೊರಡಿಸಲಾಗದು. ಅದು ಬೆಳೆಯಲು ಹತ್ತು ಹದಿನೈದು ವರ್ಷ ಬೇಕು. ನೆರೆಯವನೊಡನೆ ಸ್ನೇಹವಿದ್ದರೂ ಜಗಳವಿದ್ದರೂ ಅವನ ಮಾತು ತಿಳಿದಿರುವುದು ಲೇಸೆಂಬುದನ್ನು ಮೇಷ್ಟರೂ ಒಪ್ಪಿದರು. ಕಲಿಸುವವರು ಯಾರೆಂಬುದಷ್ಟೇ ಅವರ ಚಿಂತೆ.

ಅದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ತೈವಾನಿನಲ್ಲೂ ಆಡುವ ಮಾತು ಮ್ಯಾಂಡರಿನ್ನೇ. 2011ರಿಂದ ತೈವಾನ್ ತನ್ನ ಶಿಕ್ಷಣ ಕೇಂದ್ರಗಳ ಮೂಲಕ ನಮ್ಮ ದೇಶದ ಕೆಲವು ವಿಶ್ವವಿದ್ಯಾನಿಲಯಗಳಿಗೆ ಅಧ್ಯಾಪಕರನ್ನು ಕಳುಹಿಸುತ್ತ ಬಂದಿದೆ. ಅಲ್ಲಿಯವರು ಬರೆಯುವುದು ಹಳೆಯ ತುಂಬು ಲಿಪಿ, ಚೀನಾದವರು ಬರೆಯುವುದು ಸರಳಗೊಳಿಸಿದ ಲಿಪಿ. ಯಾವುದನ್ನು ಕಲಿಸಬೇಕೆಂಬುದನ್ನು ಶಾಲೆ ಮೊದಲೇ ನಿರ್ಧರಿಸಬೇಕು. ಎರಡನ್ನೂ ಬೆರೆಸಿದರೆ ಮಗುವಿನ ಗತಿ ದೋಣಿಗೊಂದು ಕಾಲು, ದಡಕ್ಕೊಂದು ಕಾಲು.

ಬಂದವರು ಎಂತಹ ಅತಿಥಿಗಳಾಗಿರಬೇಕೆಂಬುದಕ್ಕೆ ನನ್ನ ಮನಸ್ಸಿಗೆ ಬರುವವರು ತಾನ್ ಯುನ್‌ಶಾನ್. ಹುನಾನ್ ಪ್ರಾಂತ್ಯದ ಈ ತರುಣನಿಗೆ 1927ರಲ್ಲಿ ಸಿಂಗಪುರದಲ್ಲಿ ರವೀಂದ್ರನಾಥ ಠಾಕೂರರ ಭೇಟಿಯಾಯಿತು. ಮರುವರ್ಷ ಅವರು ಶಾಂತಿನಿಕೇತನಕ್ಕೆ ಬಂದು ಚೀನೀ ಭಾಷೆಯನ್ನು ಕಲಿಸತೊಡಗಿದರು. ಕಲಿಸುತ್ತ ತಾವು ಸಂಸ್ಕೃತದ ವಿದ್ಯಾರ್ಥಿಯಾದರು. 1937ರಲ್ಲಿ ಅಲ್ಲಿ ಚೀನಾ ಭವನ ತೆರೆಯಿತು. ಅದರ ಬೆನ್ನೆಲುಬು ಇವರೇ. 1983ರಲ್ಲಿ ಅವರು ದೇಹವಿಟ್ಟುದು ಬೋಧಗಯೆಯಲ್ಲಿ. ಇದೇ ಕಾಲಾವಧಿಯ ಮತ್ತೊಂದು ಪುಟವೂ ಇದೆ. 1962ರ ಯುದ್ಧದ ಬಳಿಕ, ಈ ನೆಲದಲ್ಲೇ ಬಾಳುತ್ತಿದ್ದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಆ ಇಬ್ಬಗೆಯ ನಡತೆಯಲ್ಲಿ ಯಾವುದನ್ನು ನಾಳೆಯ ಮಕ್ಕಳು ನಮ್ಮಿಂದ ಕಲಿಯಬೇಕೆಂಬುದು ಪಠ್ಯಕ್ರಮಕ್ಕಿಂತ ದೊಡ್ಡ ಪ್ರಶ್ನೆ.

ಕನ್ನಡಿಗರಿಗೆ ಇಂತಹ ಅತಿಥಿಗಳು ಹೊಸಬರೇನಲ್ಲ. ಜರ್ಮನಿಯಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ನಮ್ಮ ಮಾತಿಗೆ ಶಿಷ್ಯರಾದುದರಿಂದಲೇ 1894ರ ಮಹಾನಿಘಂಟು ನಮಗೆ ದೊರೆಯಿತು. ಇತ್ತೀಚೆಗೆ ಪ್ರೊಫೆಸರ್ ಬಿ. ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದರು. ಭಾಷೆಯ ವ್ಯವಹಾರದಲ್ಲಿ ಕೊಡುವುದೂ ಕೊಳ್ಳುವುದೂ ಒಟ್ಟಿಗೆ ನಡೆಯಬೇಕು.

ನಾಳೆ ಒಬ್ಬ ಚೀನೀ ಅಥವಾ ತೈವಾನೀ ತರುಣಿ ನಮ್ಮ ಜಿಲ್ಲೆಯ ಶಾಲೆಗೆ ಒಂದು ವರ್ಷದ ಮಟ್ಟಿಗೆ ಬಂದಳೆನ್ನೋಣ. ಅವಳಿಗೆ ನಾವೇನು ಕೊಡಬಲ್ಲೆವು? ವಾರಕ್ಕೆ ಹತ್ತು ಹನ್ನೆರಡು ಗಂಟೆಯ ಪಾಠ, ಜೊತೆಗೆ ನಿಲ್ಲುವ ಒಬ್ಬ ಸ್ಥಳೀಯ ಉಪಾಧ್ಯಾಯಿನಿ, ಊಟ ವಸತಿಗೆ ಒಂದು ಸಜ್ಜನರ ಮನೆ. ಇಷ್ಟು ಆಡಳಿತದ ಮಾತು. ಉಳಿದುದನ್ನು ಊರೇ ಕೊಡುತ್ತದೆ. ವಿಜಯಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ರಾಶಿಯನ್ನು ಕಂಡಾಗ, ದೊಡ್ಡಬಳ್ಳಾಪುರದ ಮಗ್ಗದ ಸದ್ದನ್ನು ಕೇಳಿದಾಗ, ಅವಳಿಗೆ ತನ್ನ ನಾಡಿನ ನೆನಪಾಗದೆ ಇರಲಾರದು. ರೇಷ್ಮೆಯ ಹುಟ್ಟೂರು ಚೀನಾ. ಕಾಳಿದಾಸನ ಶಾಕುಂತಲದಲ್ಲೇ ಚೀನಾಂಶುಕದ ಮಾತು ಬರುತ್ತದೆ. ದೇವನಹಳ್ಳಿಯ ಚಕ್ಕೋತವನ್ನು ಬಿಡಿಸಿಕೊಟ್ಟರೆ, ದಕ್ಷಿಣ ಚೀನಾದಲ್ಲಿ ಶರತ್ಕಾಲದ ಹುಣ್ಣಿಮೆಯ ಹಬ್ಬಕ್ಕೆ ಅದೇ ಜಾತಿಯ ಹಣ್ಣನ್ನು ತಿನ್ನುತ್ತಾರೆಂದು ಅವಳೇ ಮಕ್ಕಳಿಗೆ ಹೇಳಿಯಾಳು. ಧಾರವಾಡದವರು "ಚಹಾ" ಎನ್ನುತ್ತಾರೆ, ನಾವು "ಟೀ" ಎನ್ನುತ್ತೇವೆ. ಎರಡೂ ಚೀನಾದ ಮಾತುಗಳೇ. ಮೊದಲನೆಯದು ಪಾರಸಿಯ ಮೂಲಕ ಬಂದುದು, ಎರಡನೆಯದು ಫೂಜಿಯನ್ ತೀರದ ಆಡುನುಡಿಯಿಂದ ಡಚ್ಚರ ಹಡಗುಗಳನ್ನೇರಿ ಯೂರೋಪನ್ನು ಸುತ್ತಿ ಬಂದುದು. ಅತಿಥಿ ಬರುವುದಕ್ಕೆ ಎಷ್ಟೋ ಮುಂಚೆ ಅವಳ ಮಾತು ನಮ್ಮ ಅಡುಗೆಮನೆಯನ್ನು ಸೇರಿದೆ.

ಮೇಷ್ಟರು ಎಲ್ಲವನ್ನೂ ಕೇಳಿ, "ಬಂದವಳಿಗೆ ಕನ್ನಡ ಕಲಿಸುವ ಹೊಣೆ ನನ್ನದು, ಉಳಿದುದು ನಿಮ್ಮದು" ಎಂದರು. ಆ ಒಂದು ಷರತ್ತನ್ನು ನಾನು ಸಂತೋಷದಿಂದ ಒಪ್ಪಿಕೊಂಡೆ.