ಅಗ್ಗದ ಬೆಳ್ಳಿಯ ಸುಖ

ನಾಣ್ಯ ಸಂಗ್ರಹ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: "ಅಪರೂಪದ್ದೇನಾದ್ರೂ ಇದೆಯಾ?" ನನಗೋ ಸಾಮಾನ್ಯದ್ದೇ ಇಷ್ಟ. ಐದನೇ ಜಾರ್ಜ್‌ನ 1918ರ ಬೆಳ್ಳಿ ರೂಪಾಯಿಯನ್ನೇ ನೋಡಿ. ಕೋಟಿಗಟ್ಟಲೆ ಟಂಕಿಸಿದ್ದು, ಹಾಗಾಗಿ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಸವೆದದ್ದೊಂದು ಸಿಕ್ಕೀತು. ತೂಕ 11.66 ಗ್ರಾಂ. ಹಿಂಬದಿಯ ತಾವರೆಯ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕಿ ಇದ್ದರೆ ಬೊಂಬಾಯಿ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತೆಯದು. ಆ ವರ್ಷ ಇಲ್ಲಿ ಬೆಳ್ಳಿಗೆ ತತ್ವಾರ ಬಂದಿತ್ತು. ಅಮೆರಿಕ ಪಿಟ್‌ಮನ್ ಕಾಯ್ದೆ ತಂದು, ತನ್ನ ಕೋಟ್ಯಂತರ ಡಾಲರ್ ನಾಣ್ಯಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು; ಆ ಬೆಳ್ಳಿ ಬಂದದ್ದು ಇಂಡಿಯಾಕ್ಕೆ! ಅಪರೂಪದ್ದಾದರೆ ಲಾಕರಿನಲ್ಲಿಟ್ಟು ಕಾಯಬೇಕು. ಇದನ್ನು ನೆಂಟರ ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದು. ಕಳೆದರೆ ಇನ್ನೊಂದು ಸಿಗುತ್ತೆ.