ಓದಿನ ತಾಸು: ದಿನಚರಿಯ ಪುಟಗಳು

ಜೂನ್ 10, 2024, ಸೋಮವಾರ

ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಸೇತುಬಂಧ ನಡೆದಿದೆ. ಅದರ ಜೊತೆಗೆ ಈ ಸಲ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ನಾಲ್ಕರಿಂದ ಏಳನೆಯ ತರಗತಿವರೆಗಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದೇನೆ. ಒಂದು ಹಾಳೆಯಲ್ಲಿ ಅಕ್ಷರ, ಇನ್ನೊಂದರಲ್ಲಿ ಪದ, ಆಮೇಲೆ ನಾಲ್ಕು ಸಾಲಿನ ಪ್ಯಾರಾ, ಕೊನೆಗೆ ಎರಡನೆಯ ತರಗತಿ ಮಟ್ಟದ ಪುಟ್ಟ ಕಥೆ. ಪ್ರಥಮ್ ಸಂಸ್ಥೆಯವರು 2005ರಿಂದ ಅಸರ್ ಸಮೀಕ್ಷೆಯಲ್ಲಿ ಊರೂರಿನ ಮಕ್ಕಳ ಕೈಗೆ ಕೊಡುವುದೂ ಇಂಥದೇ ಹಾಳೆ. ಅಂಕ ಇಲ್ಲ, ಪಾಸು-ಫೇಲು ಇಲ್ಲ. ಮಗು ಎಲ್ಲಿ ನಿಲ್ಲುತ್ತದೋ ಅಷ್ಟು ಗೊತ್ತಾದರೆ ಸಾಕು.

ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ‘ಅಕ್ಕ’, ‘ಹಳ್ಳಿ’ ಎಂದು ಸರಾಗ ಓದುವ ಹುಡುಗ ‘ಚಂದ್ರ’ ಬಂದ ಕೂಡಲೇ ಬಾಯಿ ಕಟ್ಟಿದವನಂತಾಗುತ್ತಾನೆ. ಸಜಾತೀಯ ಒತ್ತು ಬಂದಿದೆ, ವಿಜಾತೀಯ ಬಂದಿಲ್ಲ. ಇನ್ನೊಬ್ಬಳಿಗೆ ‘ಕೆ’, ‘ಕೇ’ ಎರಡೂ ಒಂದೇ. ಇವೆಲ್ಲ ಒಂದೆರಡು ವಾರದ ಕೆಲಸ.

ನನ್ನನ್ನು ಕಾಡಿದ್ದು ಆರನೆಯ ತರಗತಿಯ ಹುಡುಗಿ. ಅವಳ ಅಕ್ಷರ ಮುತ್ತು ಪೋಣಿಸಿದಂತೆ. ಬೋರ್ಡಿನ ಮೇಲಿರುವುದನ್ನೆಲ್ಲ ತಪ್ಪಿಲ್ಲದೆ ಇಳಿಸಿಕೊಳ್ಳುತ್ತಾಳೆ, ನೋಟ್‌ಬುಕ್ಕಿನ ತುಂಬಾ ಕೆಂಪು ಶಾಯಿಯ ರೈಟ್ ಗುರುತು. ತಾನು ಬರೆದ ಒಂದು ಪದವನ್ನೂ ಓದಲಾರಳು. ನಾನು ಕಥೆಯ ಹಾಳೆ ಮುಂದಿಟ್ಟಾಗ ಪಾಠದ ಮೊದಲ ಸಾಲನ್ನು ಬಾಯಿಪಾಠ ಒಪ್ಪಿಸಿದಳು. ಮುಖ್ಯ ಶಿಕ್ಷಕಿಯಾಗಿ ಈ ಶಾಲೆಗೆ ನಾನು ಬಂದು ವರ್ಷ ತುಂಬಿಲ್ಲ. ಶಾಲೆಯನ್ನು ಮೇಲೆತ್ತುವ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ಜೂನ್ 22, ಶನಿವಾರ

ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲ ಶಿಕ್ಷಕರೂ ಕೂತೆವು. ಓದಿಸಿದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಯಾರ ತರಗತಿ, ಯಾರ ವಿಷಯ ಎಂಬ ಮಾತು ಬೇಡವೆಂದು ಮೊದಲೇ ಹೇಳಿದ್ದೆ. ನಾನು ಕೇಳಿದ್ದು ಒಂದೇ. ಪ್ರಾರ್ಥನೆಯಾದ ಮೇಲಿನ ಮೊದಲ ಒಂದು ತಾಸು ಓದಿಗೇ ಮೀಸಲಿರಲಿ. ಆ ತಾಸಿನಲ್ಲಿ ನಾಲ್ಕನೇತ್ತೆ, ಏಳನೇತ್ತೆ ಎಂಬುದಿಲ್ಲ. ಅಕ್ಷರದ ಮಕ್ಕಳು ಒಂದು ಕಡೆ, ಪದದವರು ಒಂದು ಕಡೆ, ಪ್ಯಾರಾದವರು, ಕಥೆಯವರು ಬೇರೆ ಬೇರೆ. ಸರ್ಕಾರದ ‘ಓದು ಕರ್ನಾಟಕ’ ನಾಲ್ಕು ಮತ್ತು ಐದನೆಯ ತರಗತಿಗೆ ಮಾಡಿದ್ದೂ ಇದನ್ನೇ. ನಾವು ಅದನ್ನು ಏಳರವರೆಗೆ ಎಳೆಯೋಣ.

ಗಣಿತದ ಸರ್ ಒಪ್ಪಲಿಲ್ಲ. “ಓದು ಬೇಕ್ರಿ ಮೇಡಂ, ಬ್ಯಾಡ ಅನ್ನಂಗಿಲ್ಲ. ಆದ್ರ ಏಳನೇತ್ತೆ ಸಿಲಬಸ್ ಮುಗಸೋರು ಯಾರ್ರಿ? ನಾಳಿ ಹೈಸ್ಕೂಲಿನವ್ರು ನಮ್ಮನ್ನ ಕೇಳ್ತಾರ.” ಅವರು ಮೈಗಳ್ಳತನದಿಂದ ಆಡುವ ಮನುಷ್ಯ ಅಲ್ಲ. ಮಳೆಗಾಲದಲ್ಲಿ ಊರ ಹಳ್ಳ ಬಂದಾಗಲೂ ಸುತ್ತು ಹಾಕಿ ಶಾಲೆಗೆ ಬರುವವರು. ಅವರ ಪ್ರಶ್ನೆಗೆ ಉತ್ತರ ಇದೆ: ಓದಲು ಬಾರದ ಮಗುವಿನ ಮುಂದೆ ಮುಗಿಸಿದ ಸಿಲಬಸ್ ನಮ್ಮ ದಾಖಲೆಯಲ್ಲಿ ಮಾತ್ರ ಮುಗಿದಿರುತ್ತದೆ. ಅದನ್ನು ಅಷ್ಟು ಗಟ್ಟಿಯಾಗಿ ಹೇಳದೆ, ಲೆಕ್ಕದ ವಾಕ್ಯ ಓದಲಾಗದ ಮಕ್ಕಳ ಹೆಸರುಗಳನ್ನು ಪಟ್ಟಿಯಲ್ಲಿ ತೋರಿಸಿದೆ. ಶನಿವಾರದ ತಾಸು ಲೆಕ್ಕಕ್ಕೆ ಬಿಡಬೇಕು ಎಂದರು. ಬಿಟ್ಟೆ.

ಅಕ್ಷರದ ಗುಂಪಿಗೆ ದಾರಿ ತೋರಿಸಿದವರು ಚಿಕ್ಕ ತರಗತಿಗಳ ನಲಿ-ಕಲಿ ಟೀಚರ್. “ದೊಡ್ಡ ಮಕ್ಕಳಿಗೂ ಅ ಆ ಇ ಈ ಅಂತ ಮತ್ತ ಶುರು ಮಾಡಿದ್ರ ಅವಕ್ಕ ನಾಚಿಕಿ ಆಗ್ತದ್ರಿ. ರ, ಗ, ಸ, ದ, ಅ ಇಂದ ಹಿಡೀರಿ.” ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದಾಗ ಮಾಡಿದ ಜಾಣತನ ಇದು. ಈ ಐದು ಅಕ್ಷರ ಕಲಿತ ಮಗು ಅದೇ ವಾರ ಸರ, ದರ, ಅರಸ, ಅಗಸ, ಗರಗಸ ಎಂದು ಪೂರ್ತಿ ಪದ ಓದುತ್ತದೆ. ಹನ್ನೆರಡು ವರ್ಷದ ಮಗುವಿಗೆ ಆ ಗೆಲುವು ಆರು ವರ್ಷದ ಮಗುವಿಗಿಂತ ಹೆಚ್ಚು ಬೇಕು. ಅಕ್ಷರದ ಗುಂಪನ್ನು ಟೀಚರ್ ತಾವೇ ಕೇಳಿ ತೆಗೆದುಕೊಂಡರು. ಆ ತಾಸು ಅವರ ನಲಿ-ಕಲಿ ಮಕ್ಕಳ ಬಳಿ ನಾನು ಕೂರುತ್ತೇನೆ.

ಜುಲೈ 9, ಮಂಗಳವಾರ

ತಾಸು ನಡೆಯುತ್ತಿದೆ. ನಡೆಸುವುದಕ್ಕಿಂತ ಕಾಯುವುದೇ ಕಷ್ಟ. ಮೇಲಿನಿಂದ ಫೋನು ಬರುವುದು ಸರಿಯಾಗಿ ಅದೇ ಹೊತ್ತಿಗೆ: ಈ ಮಾಹಿತಿ ತಕ್ಷಣ ಕಳಿಸಿ, ಆ ನಮೂನೆ ತುಂಬಿ, ಮಕ್ಕಳ ದಾಖಲೆಯ ಎಸ್‌ಎಟಿಎಸ್‌ನಲ್ಲಿ ಇದನ್ನು ಸರಿಪಡಿಸಿ. ಶಿಕ್ಷಕರಲ್ಲಿ ಇಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ ಬಿಎಲ್‌ಒಗಳೂ ಹೌದು. ನಾನೊಂದು ನಿಯಮ ಮಾಡಿದ್ದೇನೆ. ಆ ತಾಸಿನಲ್ಲಿ ಶಾಲೆಯಲ್ಲಿ ಯಾರೂ ರಿಜಿಸ್ಟರ್ ಬಿಚ್ಚುವುದಿಲ್ಲ, ಫೋನು ಎತ್ತುವುದಿಲ್ಲ. ಮಾಹಿತಿ ಹನ್ನೆರಡರೊಳಗೆ ತಪ್ಪದೆ ಹೋಗುತ್ತದೆ, ಕೇಳಿದವರಿಗೆ ನಾನೇ ಉತ್ತರ ಕೊಡುತ್ತೇನೆ. ಮುಖ್ಯ ಶಿಕ್ಷಕಿಯ ಕುರ್ಚಿಯಿಂದ ಶಾಲೆಗೆ ಏನಾದರೂ ಉಪಯೋಗವಿದ್ದರೆ ಅದು ಇದು, ಪಾಠದ ಹೊತ್ತಿಗೂ ಉಳಿದೆಲ್ಲದಕ್ಕೂ ನಡುವೆ ನಿಲ್ಲುವುದು.

ಲಂಬಾಣಿ ತಾಂಡಾದ ಮಕ್ಕಳ ವಿಚಾರ ಬರೆದಿಡಬೇಕು. ಮನೆಯಲ್ಲಿ ಗೋರ್ ಬೋಲಿ, ಊರಲ್ಲಿ ಯಾದಗಿರಿ ಕನ್ನಡ, ಪುಸ್ತಕದಲ್ಲಿ ಮೂರನೆಯದೇ ಒಂದು. ಓದಲು ಬಾರದು ಎಂದು ಬರೆದುಕೊಂಡವರಲ್ಲಿ ಕೆಲವರಿಗೆ ಓದು ಬರುತ್ತದೆ, ಓದಿದ್ದು ತಿಳಿಯುವುದಿಲ್ಲ. ಏಳನೆಯ ತರಗತಿಯ ತಾಂಡಾದ ಹುಡುಗಿಯೊಬ್ಬಳನ್ನು ಪದದ ಗುಂಪಿನ ಜೊತೆ ಕೂರಿಸಿದೆ. ಮಕ್ಕಳು ತಮ್ಮ ಮಾತಿನಲ್ಲಿ ಕಥೆ ಹೇಳುತ್ತಾರೆ, ಅವಳು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುತ್ತಾಳೆ, ಎಲ್ಲರೂ ಓದುತ್ತಾರೆ. ನಿನ್ನೆ ಮೇಕೆ ಕಳೆದ ಕಥೆ. ಮೇಕೆ ಸಿಕ್ಕಿತೋ ಇಲ್ಲವೋ ಎಂದು ಪ್ಯಾರಾದ ಗುಂಪಿನವರೂ ಎದ್ದು ಬಂದು ಓದಿದರು.

ಆಗಸ್ಟ್ 17, ಶನಿವಾರ

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ. ಅಧ್ಯಕ್ಷರ ಆಸೆ ಗೇಟಿಗೊಂದು ಕಮಾನು. “ದಾರ್ಯಾಗ ಹೋಗೋರು ನೋಡ್ಬೇಕ್ರಿ ಮೇಡಂ, ಇದು ನಮ್ಮ ಸಾಲಿ ಅಂತ.” ಊರವರು ಸ್ವಲ್ಪ ಹಣ ಕೂಡಿಸಿದ್ದಾರೆ. ಅವರ ಆ ಹೆಮ್ಮೆ ನನಗೆ ಬೇಕು. ಅದಿಲ್ಲದ ಊರುಗಳಲ್ಲಿ ಕೆಲಸ ಮಾಡಿದ್ದೇನೆ. ರಾಜಾ ರಾಮಣ್ಣ ಅವರ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಎಸ್‌ಡಿಎಂಸಿಗಳು ಬಂದಾಗ ನಾನು ಹೊಸದಾಗಿ ನೌಕರಿಗೆ ಸೇರಿದ್ದೆ. ಅಪ್ಪ-ಅಮ್ಮಂದಿರೇ ಶಾಲೆಯ ಒಡೆಯರು ಎಂದು ತರಬೇತಿಯಲ್ಲಿ ಕೇಳಿದ್ದನ್ನು ಪೂರ್ತಿ ನಂಬಿದೆ, ಈಗಲೂ ನಂಬುತ್ತೇನೆ.

ಆದರೆ ಒಡೆಯರಿಗೆ ಮನೆಯ ಸ್ಥಿತಿ ಗೊತ್ತಿರಬೇಕು. ಸಭೆಗೆ ಮೊದಲೇ, ಈ ವಾರ ಒಂದು ದಿನ, ಸದಸ್ಯರನ್ನು ಓದಿನ ತಾಸಿಗೇ ಕರೆದುಕೊಂಡು ಹೋಗಿದ್ದೆ. ಒಬ್ಬ ತಾಯಿ ತನ್ನ ಮಗ ಅಕ್ಷರದ ಗುಂಪಿನಲ್ಲಿ ಕೂತದ್ದನ್ನು ನೋಡಿದಳು. ಸಿಟ್ಟು ಬಂತು, ಆಮೇಲೆ ಅತ್ತಳು, ಆಮೇಲೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಮಾತಾಡಿದಳು: “ಕಮಾನು ಮುಂದಿನ ವರ್ಸ ಕಟ್ಟೋಣು. ಈ ರೊಕ್ಕ ಪುಸ್ತಕಕ್ಕ ಹಾಕ್ರಿ.” ಶಿಕ್ಷಣ ಹಕ್ಕು ಕಾಯ್ದೆಯ 22ನೆಯ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು ಈ ಸಮಿತಿಯದೇ ಕೆಲಸ. ಯೋಜನೆಯ ಮೊದಲ ಸಾಲಿನಲ್ಲಿ ಪ್ರತಿ ಮಗುವಿನ ಓದು ಎಂದೇ ಬರೆಸಿದೆವು. ಕಾಂಪೌಂಡ್ ಗೋಡೆ, ಹುಡುಗಿಯರ ಶೌಚಾಲಯ ನರೇಗಾದಲ್ಲಿ ಆಗಲೆಂದು ಪಂಚಾಯಿತಿಗೆ ಅರ್ಜಿ. ಪಿಡಿಒ ಬಳಿಗೆ ಅಧ್ಯಕ್ಷರೇ ಹೋಗುತ್ತಾರೆ. ಈ ಊರಿನಲ್ಲಿ ಅಂಥ ಕೆಲಸ ಅವರಿಂದ ಮಾತ್ರ ಸಾಧ್ಯ.

ಅಕ್ಟೋಬರ್ 23, ಬುಧವಾರ

ದಸರಾ ರಜೆ ಮುಗಿದು ಶಾಲೆ ತೆರೆಯಿತು, ಮಕ್ಕಳು ಬರಲಿಲ್ಲ. ಹತ್ತಿ ಒಡೆದಿದೆ. ಹಾಜರಿ ಕರೆಯುವ ಮೊದಲೇ ಬಿಸಿಯೂಟದ ಅಕ್ಕ ಬಂದು ಕೇಳಿದರು: “ಅಕ್ಕಿ ಕಮ್ಮಿ ಹಾಕ್ಲೇನ್ರಿ ಟೀಚರ್? ಹೊಲಕ್ಕ ಹೋಗೋ ಟಂಟಂನಾಗ ನಮ್ಮ ಹುಡ್ರು ಭಾಳ ಮಂದಿ ಕುಂತಿದ್ರು.” ಹಾಲು, ಮೊಟ್ಟೆ, ಊಟ ಎಲ್ಲ ಇದ್ದೂ ಮಕ್ಕಳು ಹೊಲಕ್ಕೆ ಹೋಗುತ್ತಾರೆಂದರೆ ಆ ಮನೆಗಳಿಗೆ ಕೂಲಿ ಎಷ್ಟು ಅಗತ್ಯ ಎಂದು ತಿಳಿಯಬೇಕು. ಹಾಗೆಂದು ಸುಮ್ಮನಿರಲಾರೆ. ಚಿಕ್ಕ ಬೆರಳು ಹತ್ತಿ ಬಿಡಿಸಲು ಚಲೋ ಎನ್ನುವ ಮಾತನ್ನು ಇಲ್ಲಿ ಸಲೀಸಾಗಿ ಆಡುತ್ತಾರೆ. ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಂಜೆ ನಲಿ-ಕಲಿ ಟೀಚರ್, ಗಣಿತದ ಸರ್ ಮತ್ತು ನಾನು ಮನೆ ಮನೆಗೆ ಹೋದೆವು. ಹಗಲು ಹೋದರೆ ಬೀಗ. ದೀಪಾವಳಿ ಮುಗಿಯುತ್ತಲೇ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುವ ಮನೆಗಳೂ ಇವೆ. ಮಗುವನ್ನು ಬಿಟ್ಟು ಹೋಗಿ ಎಂದು ಒಂದು ಮನೆಯಲ್ಲಿ ಹೇಳುತ್ತಿದ್ದಾಗ ಆಯಿ ನಡುವೆ ಮಾತಾಡಿದಳು. “ಬಿಟ್ಟು ಹೋಗ್ಲಿ, ನಾ ನೋಡ್ಕೋತೀನಿ. ರಾತ್ರಿ ಕೂಸಿಗಿ ಜಡ್ಡು ಬಂದ್ರ ಯಾರಿಗಿ ಹೇಳ್ಲಿ?” ನನ್ನ ನಂಬರನ್ನು ದೊಡ್ಡದಾಗಿ ಗೋಡೆಯ ಮೇಲೆ ಬರೆದೆ. ಗಣಿತದ ಸರ್ ಕೇಳದೆಯೇ ತಮ್ಮದನ್ನೂ ಬರೆದರು. ಅವರ ಮನೆ ಇದೇ ಊರಿನಲ್ಲಿದೆ, ನನ್ನದು ದೂರ.

ಡಿಸೆಂಬರ್ 7, ಶನಿವಾರ

ಈ ವಾರ ಎಲ್ಲರನ್ನೂ ಮತ್ತೆ ಓದಿಸಿದೆವು. ತಪ್ಪದೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಒಂದು ಗುಂಪು ಮೇಲೇರಿದ್ದಾರೆ. ಆರನೆಯ ತರಗತಿಯ ಆ ಹುಡುಗಿ ಪ್ಯಾರಾವನ್ನು ಬೆರಳಿಟ್ಟು, ನಿಧಾನವಾಗಿ, ಪೂರ್ತಿ ಓದಿದಳು. ಮುಗಿಸಿ ನನ್ನ ಮುಖ ನೋಡಲಿಲ್ಲ, ಹಾಳೆ ತಿರುಗಿಸಿ ಹಿಂದೆ ಇನ್ನೇನಿದೆ ಎಂದು ನೋಡಿದಳು. ಹತ್ತಿಗೆ ಹೋದವರು ಜೂನ್‌ನಲ್ಲಿ ಎಲ್ಲಿದ್ದರೋ ಅಲ್ಲೇ ಇದ್ದಾರೆ. ಇಬ್ಬರು ಹಿಂದೆ ಜಾರಿದ್ದಾರೆ. ಗಣಿತದ ಸರ್ ಪ್ರಕಾರ ದಶಕ ತೆಗೆದುಕೊಂಡು ಕಳೆಯುವುದರಲ್ಲಿ ಇನ್ನೂ ಅರ್ಧ ಮಕ್ಕಳು ತಡವರಿಸುತ್ತಾರೆ, ವಾರಕ್ಕೊಂದು ತಾಸು ಸಾಲದು. ಸರಿಯಾದ ಮಾತು. ಜನವರಿಯಿಂದ ಬುಧವಾರವೂ ಅವರದು.

ಅಕ್ಷರದ ಗುಂಪನ್ನು ಮುಚ್ಚುವುದಿಲ್ಲ. ಯುಗಾದಿ ಹೊತ್ತಿಗೆ ಬೆಂಗಳೂರಿನಿಂದ ಮರಳುವವರಿಗೆ ಕೂರಲು ಜಾಗ ಇರಬೇಕು. ಹೋಗಿರುವವರಿಗೂ ಏನಾದರೂ ಆಗಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿಸಿ ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಪ್ರತಿ ಮಗುವಿಗೆ ಅದು ಯಾವ ಗುಂಪಿನಲ್ಲಿತ್ತು, ಯಾವ ಒತ್ತು ಬಾಕಿ ಇದೆ ಎಂದು ಒಂದು ಚೀಟಿ ಬರೆದಿಟ್ಟಿದ್ದೇನೆ. ಸೋಮವಾರ ಆ ಮಕ್ಕಳ ತಂದೆಯಂದಿರಿಗೆ ಫೋನು ಹಚ್ಚಿ, ಕೆಲಸದ ಜಾಗದ ಹತ್ತಿರ ಯಾವ ಸರ್ಕಾರಿ ಶಾಲೆ ಇದೆ ಎಂದು ಕೇಳಬೇಕು. ಅಲ್ಲಿನ ಮುಖ್ಯ ಶಿಕ್ಷಕರ ನಂಬರ್ ಸಿಕ್ಕರೆ ಚೀಟಿಯ ಫೋಟೊ ಅಂದೇ ಕಳಿಸುತ್ತೇನೆ.